ಕರೆಂಟಿನ ತೊಟ್ಟಿಲಿಗೆ ಗುಂಡುಕಲ್ಲು

ನಾನು ಅಜ್ಜನಾದೆ. ಮೊದಲ ಮೊಮ್ಮಗಳು. ಈ ಎರಡು ಮಾತನ್ನು ಎಷ್ಟು ಜನಕ್ಕೆ ಹೇಳಿದೆನೆಂದರೆ, ದೊಡ್ಡೇರಿ ಬಸ್ಸಿನ ಕಂಡಕ್ಟರು ನನ್ನ ಮುಖ ಕಂಡೊಡನೆ ‘ಗೊತ್ತು, ಹೆಣ್ಣು ಕೂಸು’ ಎಂದು ಟಿಕೆಟ್ ಹರಿಯತೊಡಗಿದ. ಅಂಗಡಿಗೆ ಮೋಟಾರ್ ಕೇಳಲು ಬಂದವರಿಗೆಲ್ಲ ಮೈಸೂರುಪಾಕು ಕೊಟ್ಟೆ. ಮೋಟಾರ್ ಮಾತ್ರ ಕೊಡಲಿಲ್ಲ. ರಿಪೇರಿ ಮಾಡಲು ಪುರುಸೊತ್ತೆಲ್ಲಿತ್ತು?

ನನ್ನದು ಬೋರ್‌ವೆಲ್ ಮೋಟಾರಿಗೆ ತಂತಿ ಸುತ್ತುವ ಕಸುಬು. ಓದಿದ್ದು ನಾಲ್ಕನೇ ಕ್ಲಾಸು. ಆದರೂ ಕರೆಂಟಿನ ವಿಚಾರದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹಾಗಾಗಿ ನಾಮಕರಣಕ್ಕೆ ತವರಿನ ಕಡೆಯಿಂದ ತೊಟ್ಟಿಲು ಕೊಡಬೇಕು ಎಂಬ ಮಾತು ಬಂದಾಗ, ಮರದ ತೊಟ್ಟಿಲುಗಳತ್ತ ತಿರುಗಿಯೂ ನೋಡದೆ ಕರೆಂಟಿನ ತೊಟ್ಟಿಲು ತರಿಸಿದೆ. ಅಳುವ ಸದ್ದು ಕೇಳಿದರೆ ತಾನೇ ತೂಗುತ್ತದೆ. ಸದ್ದು ಹೆಚ್ಚಾದರೆ ಜೋರಾಗಿ ತೂಗುತ್ತದೆ. ಮಗುವನ್ನು ಹೆಸರು ಹಿಡಿದು ಮಾತಾಡಿಸುತ್ತದೆ. ಒಳಗೆ ಬ್ಯಾಟರಿ ಬೇರೆ. ಕರೆಂಟು ಹೋದರೂ ನಿಲ್ಲುವುದಿಲ್ಲ.

ನನ್ನ ಆಸೆ ಒಂದೇ. ಮೊಮ್ಮಗಳನ್ನು ಮೊದಲು ತೂಗುವುದು ನನ್ನ ತೊಟ್ಟಿಲೇ ಆಗಬೇಕು, ಅದನ್ನು ಪಾವಗಡದ ಬೀಗಿತ್ತಿ ನಾರಾಯಣಮ್ಮನವರು ಕಣ್ಣಾರೆ ನೋಡಬೇಕು. ಮದುವೆಯಲ್ಲಿ ನಾವು ಕೊಟ್ಟ ಮಂಚ ಕಿರುಗುಟ್ಟುತ್ತದೆ ಎಂದು ಆಕೆ ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದಾರೆ.

ಹಿಂದಿನ ದಿನವೇ ತೊಟ್ಟಿಲು ಜೋಡಿಸಿದೆ. ಜೊತೆಗೆ ಬಂದ ಪುಸ್ತಕದಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಇದ್ದಿದ್ದರೆ ನಾನು ಓದುತ್ತಿದ್ದೆ ಎಂದೇನಲ್ಲ. ಕಷ್ಟ ಬಂದದ್ದು ಫೋನಿನಿಂದ. ತೊಟ್ಟಿಲು ನಡೆಯಬೇಕಾದರೆ ಫೋನಿಗೆ ಆ್ಯಪ್ ಹಾಕಿಕೊಳ್ಳಬೇಕಂತೆ. ಬಾಣಂತಿ ಮಗಳು ಶಶಿಕಲಾ ಒಂದೊಂದೇ ಓದಿ ಹೇಳುತ್ತ ಹೋದಳು.

‘ಅಪ್ಪಾ, ನೀನು ಎಲ್ಲಿದ್ದೀಯ ಅಂತ ಕೇಳ್ತೈತೆ.’

‘ಇಲ್ಲೇ ಪಕ್ಕದಾಗೆ ಕುಂತಿವ್ನಲ್ಲ, ಕಾಣಕಿಲ್ವಂತಾ?’

‘ನಿನ್ನ ಫೋನಿನಾಗಿರೋ ನಂಬರೆಲ್ಲ ನೋಡ್ಬೋದಾ ಅಂತೈತೆ.’

‘ಯಾಕಂತೆ? ಕೂಸು ತೂಗಾಕೆ ಊರೋರ್ನೆಲ್ಲ ಕರೀತದಂತಾ?’

ಎಲ್ಲಕ್ಕೂ ಹೂಂ ಅಂದೆವು. ಹೂಂ ಅನ್ನದಿದ್ದರೆ ಅದು ಮುಂದಕ್ಕೆ ಬಿಡುತ್ತಿರಲಿಲ್ಲ. ಕೊನೆಗೆ ಮಗುವಿನ ಹೆಸರು ಕೇಳಿತು.

‘ಇನ್ನೂ ಇಟ್ಟಿಲ್ವಲ್ಲ ಕಣಮ್ಮ.’

‘ಇಡದೆ ಬುಡಕಿಲ್ವಂತೆ ಅಪ್ಪಾ.’

ಇದೆಂಥ ನ್ಯಾಯ? ಹೆಸರಿಡಬೇಕಾದರೆ ತೊಟ್ಟಿಲು ಬೇಕು. ತೊಟ್ಟಿಲು ಅಲ್ಲಾಡಬೇಕಾದರೆ ಹೆಸರು ಬೇಕು. ಅಷ್ಟರಲ್ಲಿ ಕೂಸು ಅತ್ತಿತು, ಶಶಿಕಲಾ ಒಳಗೆ ಹೋದಳು. ಇಂಗ್ಲಿಷಿನಲ್ಲಿ ನನಗೆ ಬರೆಯಲು ಬರುವುದು ಒಂದೇ ಹೆಸರು, ಬ್ಯಾಂಕಿನ ಸಹಿಗೆಂದು ಕಲಿತದ್ದು. ಅದನ್ನೇ ಒಂದೊಂದಕ್ಷರ ಒತ್ತಿದೆ. ತಿಮ್ಮರಾಯಪ್ಪ. ತೊಟ್ಟಿಲಿನಲ್ಲಿ ಹಸಿರು ದೀಪ ಹತ್ತಿಕೊಂಡಿತು. ಲೋಕದಲ್ಲಿ ನನ್ನಂಥ ಬುದ್ಧಿವಂತ ಅಜ್ಜ ಇನ್ನೊಬ್ಬನಿಲ್ಲ ಅನ್ನಿಸಿತು.

ಮಾರನೆಯ ದಿನ ಬೀಗರು ಒಂದು ಟೆಂಪೊ ತುಂಬ ಬಂದಿಳಿದರು. ನಾರಾಯಣಮ್ಮನವರು ತೊಟ್ಟಿಲನ್ನು ಒಂದು ಸುತ್ತು ಸುತ್ತಿ ನೋಡಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

‘ಏಮಿ ಅನ್ನಯ್ಯ, ಇದಕ್ಕೆ ಹಗ್ಗಾನೇ ಇಲ್ವಾ?’

‘ಹಗ್ಗ ಎಳೆಯೋ ಕಾಲ ಹೋಯ್ತು ಬೀಗಿತ್ತಮ್ಮ. ಇನ್ಮೇಲೆ ಈ ಮನೇಲಿ ಕೂಸನ್ನ ಕೈಯಾಗೆ ತೂಗೋ ಕೆಲಸ ಯಾರಿಗೂ ಇಲ್ಲ.’

ನಮ್ಮ ಕಡೆ ಮಗುವಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕಿ ತೂಗುವುದು ಪದ್ಧತಿ. ಮಗು ಕಲ್ಲಿನಂತೆ ಗಟ್ಟಿಮುಟ್ಟಾಗಿರಲಿ ಎಂದು. ಹೆಂಡತಿ ರಂಗಮ್ಮ ಒರಳಿನ ಗುಂಡನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕುಲಾವಿ ತೊಡಿಸಿ ತಂದವಳು ಬಾಗಿಲಲ್ಲೇ ನಿಂತಳು.

‘ಇದು ಭಾರ ಅಲ್ವಾ? ಪಕ್ಕದ ಮನೆಯಿಂದ ಸಣ್ಣದು ತರ್ಲಾ?’

‘ಹತ್ತು ಎಚ್‌ಪಿ ಮೋಟಾರು ಕಂಡೋನು ನಾನು. ದೊಡ್ಡದೇ ಹಾಕು ಲೇ.’

ಹಾಕಿದರು. ಹೆಂಗಸರು ಜೋಗುಳ ಎತ್ತಿಕೊಂಡರು. ತೊಟ್ಟಿಲು ಯಾರೂ ಮುಟ್ಟದೆ ಮೆಲ್ಲಗೆ ತೂಗತೊಡಗಿತು. ನಾರಾಯಣಮ್ಮನವರ ಬಾಯಿ ತೆರೆದುಕೊಂಡಿತು. ನಾನು ಎದೆ ಸೆಟೆಸಿ ನಿಂತೆ. ಆಗ ತೊಟ್ಟಿಲಿನೊಳಗಿಂದ ಯಾರೋ ಪರದೇಶದ ಹೆಂಗಸಿನ ದನಿ ಬಂತು:

‘ಹಲೋ ಬೇಬಿ ತಿಮ್ಮರಾಯಪ್ಪ. ಡೋಂಟ್ ಕ್ರೈ.’

ಜೋಗುಳ ನಿಂತಿತು. ಮಗುವಿನ ಕಿವಿಯಲ್ಲಿ ಹೆಸರು ಉಸುರಲು ಸಿಂಗರಿಸಿಕೊಂಡು ಬಂದಿದ್ದ ಸೋದರತ್ತೆ, ಎಂದರೆ ಅಳಿಯನ ಅಕ್ಕ, ಪೆಚ್ಚಾಗಿ ತಾಯಿ ನಾರಾಯಣಮ್ಮನವರ ಮುಖ ನೋಡಿದಳು.

‘ಅಂದ್ರೆ ಅನ್ನಯ್ಯ, ಹೆಣ್ಣು ಕೂಸಿಗೆ ನಿಮ್ಮ ಹೆಸರಿಡಾಕೆ ಮೊದ್ಲೇ ಪ್ಲಾನು ಮಾಡಿದ್ರಾ?’

‘ಇಲ್ಲ ಬೀಗಿತ್ತಮ್ಮ, ಅದು ಕೂಸಿನ ಹೆಸರಲ್ಲ.’

‘ಒಳಗಿರೋದು ಕಲ್ಲು. ಹಂಗಾದ್ರೆ ಕಲ್ಲಿಗೆ ಇಟ್ಟಿದ್ದೀರ. ಅದು ಸರಿಯಾಗೇ ಐತೆ.’

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗುವೂ ಸದ್ದೇ ತಾನೆ? ತೊಟ್ಟಿಲು ಜೋರಾಯಿತು. ‘ನಗಬ್ಯಾಡ್ರಮ್ಮ, ಸುಮ್ಕಿರ್‍ರಿ’ ಎಂದು ನಾನು ಕೂಗಿದೆ. ನನ್ನ ಕೂಗಿಗೆ ಅದು ಇನ್ನೂ ಜೋರಾಯಿತು. ಗಲಾಟೆಗೆ ಎದ್ದ ಕೂಸು ರಂಗಮ್ಮನ ತೋಳಿನಲ್ಲಿ ಕಿಟಾರನೆ ಕಿರುಚಿಕೊಂಡಿತು. ತೊಟ್ಟಿಲು ಕಾದಿದ್ದದ್ದೇ ಆ ಸದ್ದಿಗೆ. ಗುಂಡುಕಲ್ಲು ಆ ಕಡೆಯಿಂದ ಈ ಕಡೆಗೆ ದಢ್ ದಢ್ ಎಂದು ಉರುಳತೊಡಗಿತು. ಒಂದೊಂದು ಏಟಿಗೂ ಆ ಮಹಾತಾಯಿ ‘ಡೋಂಟ್ ಕ್ರೈ, ತಿಮ್ಮರಾಯಪ್ಪ’ ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಅಳು ಬಂದದ್ದು ನನಗೇ.

ವೈರು ಕಿತ್ತೆ. ನಿಲ್ಲಲಿಲ್ಲ. ಬ್ಯಾಟರಿ ಇತ್ತಲ್ಲ, ನಾನೇ ಹೊಗಳಿದ್ದು. ಫೋನು ತೆಗೆದು ಶಶಿಕಲಾಗೆ ಓದಿಸಿದೆ. ಆ್ಯಪ್‌ಗೆ ಹೊಸ ರೂಪ ಬಂದಿದೆಯಂತೆ, ಅದನ್ನು ಹಾಕಿಕೊಂಡ ಮೇಲೇ ಮಿಕ್ಕ ಮಾತಂತೆ. ಪರದೆಯ ಮೇಲೆ ಒಂದು ಬಳೆ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಅಷ್ಟರಲ್ಲಿ ವಾಸನೆ ಬಂತು. ಸುಟ್ಟ ಕಾಯಿಲ್. ಮೂವತ್ತು ವರ್ಷ ನನ್ನ ಮನೆಗೆ ಅನ್ನ ಹಾಕಿದ ವಾಸನೆ ಅದು. ಅದನ್ನು ಮೂಸಿ ಸಂಕಟವಾದದ್ದು ಅದೇ ಮೊದಲು.

ತೊಟ್ಟಿಲು ಕೊನೆಯ ಸಲ ಒದರಿಕೊಂಡು ಒಂದು ಪಕ್ಕಕ್ಕೆ ವಾಲಿ ನಿಂತಿತು. ಗುಂಡುಕಲ್ಲು ಕುಲಾವಿ ಸಮೇತ ಹೊರಗೆ ಹಾರಿ, ತಾಂಬೂಲದ ತಟ್ಟೆಯನ್ನು ಹಾದು, ನನ್ನ ಹೆಬ್ಬೆರಳಿನ ಮೇಲೆ ವಿಶ್ರಾಂತಿ ಪಡೆಯಿತು.

ಯಾರೂ ನಗಲಿಲ್ಲ. ನಾರಾಯಣಮ್ಮನವರು ಕಲ್ಲನ್ನೂ ಕೂಸನ್ನೂ ನೋಡಿ ಮೆತ್ತಗೆ ಹೇಳಿದರು: ‘ಸದ್ಯ, ಕೂಸು ಒಳಗಿರಲಿಲ್ಲ.’

ಆ ಮಾತಿಗೆ ಗೋಡೆಗೊರಗಿ ಕುಳಿತುಬಿಟ್ಟೆ. ಬೆರಳಿನ ನೋವಿಗೆ ಎರಡೂ ಕಾಲು ಚಾಚಿದೆ. ಕೂಸು ಇನ್ನೂ ಕಿರುಚುತ್ತಿತ್ತು, ಯಾರ ತೋಳಿನಲ್ಲೂ ನಿಲ್ಲಲಿಲ್ಲ. ಬೀಗಿತ್ತಿ ಬಂದು ಅದನ್ನು ಎತ್ತಿಕೊಂಡು ನನ್ನ ಕಾಲಿನ ಮೇಲೆ ಮಲಗಿಸಿದರು.

‘ತೂಗಿ ಅನ್ನಯ್ಯ.’

ತೂಗಿದೆ. ನಾಲ್ಕನೇ ತೂಗಿಗೆ ಕೂಸು ಸುಮ್ಮನಾಯಿತು. ನನ್ನನ್ನೇ ನೋಡಿತು. ಸೋದರತ್ತೆ ಅಲ್ಲೇ ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ನನ್ನ ಕಣ್ಣು ಮಂಜಾಯಿತು. ಬೆರಳಿನ ನೋವು ಎಂದು ಹೇಳಿ ಒರೆಸಿಕೊಂಡೆ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ತೂಗುವುದು ನಿಲ್ಲಿಸಿದರೆ ಕೂಸು ಅಳುತ್ತದೆ. ಮೊದಲ ಪಂಕ್ತಿ ಊಟ ಮಾಡಿ ಎದ್ದಿತು. ಎರಡನೆಯದೂ ಎದ್ದಿತು.

‘ಕಾಲು ಜೋಮು ಹಿಡೀತು ಕಣೇ, ಯಾರಾದ್ರೂ ಎತ್ಕೊಳ್ರೇ’ ಎಂದೆ.

‘ಈಗ ತಾನೇ ಕಣ್ಣು ಮುಚ್ಚೈತೆ. ಅಲ್ಲಾಡ್ಬ್ಯಾಡ್ರಿ. ಅಂದ್ರೆ, ಅಲ್ಲಾಡ್ತಾ ಇರಿ’ ಎಂದಳು ರಂಗಮ್ಮ.

ಹೋಳಿಗೆ ಖಾಲಿಯಾಯಿತು ಎಂದು ಹೇಳಲು ಅವಳು ಮತ್ತೆ ಬಂದಾಗಲೂ ನಾನು ತೂಗುತ್ತಲೇ ಇದ್ದೆ. ಪಂಚೆ ಆಗಲೇ ಎರಡು ಸಲ ಒದ್ದೆಯಾಗಿತ್ತು.