ಜೋಡಿಗೊಬ್ಬ ರೋಗಿ

ಕಾಂತೇಶನ ಗ್ರಹಚಾರ ಶುರುವಾದದ್ದು ಬಚ್ಚಲುಮನೆಯಲ್ಲಿ.

ಅವನು ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವತ್ತು ಶಾಲೆಯಲ್ಲಿ ಕ್ಯಾನ್ಸರ್ ಜಾಗೃತಿ ದಿನ. ಬರಬೇಕಿದ್ದ ಡಾಕ್ಟರು ಕೈಕೊಟ್ಟಿದ್ದರಿಂದ ಹೆಡ್‌ಮಾಸ್ತರು ಪರಮಣ್ಣನವರು ಭಾಷಣವನ್ನು ಅವನ ಕೊರಳಿಗೆ ಕಟ್ಟಿದ್ದರು. ಕಾಂತೇಶ ಮೊಬೈಲಿನಲ್ಲಿ ಹೊಸ ಹೊಸ ಸಂಶೋಧನೆಗಳನ್ನು ಹುಡುಕಿ ಓದಿದ. ಓದುತ್ತ ಓದುತ್ತ ಅವನಿಗೇ ಅಂಜಿಕೆ ಹತ್ತಿತು. ಪುಸ್ತಕದ ಕನ್ನಡದಲ್ಲಿ ಹೇಳಿದರೆ ಮಕ್ಕಳು ತೂಕಡಿಸುತ್ತಾರೆ ಎಂದುಕೊಂಡು, ಮುಂಜಾನೆ ಮೈಮೇಲೆ ನೀರು ಸುರಿದುಕೊಳ್ಳುತ್ತ ಮನೆಮಾತಿನಲ್ಲೇ ಜೋರಾಗಿ ತಾಲೀಮು ಮಾಡತೊಡಗಿದ.

"ಎದಿಯಾಗ ಶುರು ಆತು. ಈಗ ರಕ್ತದಾಗ ಕೂಡಿ ಲಿವರಿಗಿ ಬಂದಾದ. ಔಷಧ ಕೊಟ್ರ, ಹಡಗದಾಗಿನ ನೀರು ತೋಡಿ ಚೆಲ್ಲಿದಂಗ ಹೊರಗ ಚೆಲ್ಲತಾದ. ಸತ್ತಂಗ ಮಲಗತಾದ, ವರ್ಷ ಬಿಟ್ಟು ಮತ್ತ ಏಳತಾದ!"

ಗೋಡೆಯ ಆಚೆ ಪಾತ್ರೆ ತಿಕ್ಕುತ್ತಿದ್ದ ದೇವಕಮ್ಮನ ಕೈ ನಿಂತಿತು.

ಓಣಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ತಿಳಿಯುವುದು ದೇವಕಮ್ಮನಿಗೆ. ಅದಲ್ಲದೆ, ವಯಸ್ಸು ಮೀರುತ್ತಿದ್ದ ಕಾಂತೇಶನಿಗೆ ಹೆಣ್ಣು ಗೊತ್ತು ಮಾಡಿದವಳೂ ಅವಳೇ. ಹುಡುಗಿ ದಾನೇಶ್ವರಿ, ಗುರುಮಠಕಲ್ಲಿನಲ್ಲಿರುವ ಅವಳ ಸ್ವಂತ ಅಣ್ಣ ಮರಿಲಿಂಗಪ್ಪನ ಮಗಳು. ಬರುವ ಭಾನುವಾರ ನಿಶ್ಚಿತಾರ್ಥ.

ಕಾಂತೇಶ ಟವೆಲ್ಲು ಸುತ್ತಿಕೊಂಡು ಹೊರಗೆ ಬಂದರೆ ಬಾಗಿಲಲ್ಲಿ ದೇವಕಮ್ಮ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ ನಿಂತಿದ್ದಳು.

"ತಮ್ಮಾ, ಎದಿಯಿಂದ ಲಿವರಿಗಿ ಬರೋತನಕ ಸುಮ್ಮ ಕುಂತೀಯಲ್ಲೋ! ಈ ಅಕ್ಕಗ ಒಂದ್ ಮಾತು ಹೇಳಬಾರದಾಗಿತ್ತೇನು?"

"ಅಯ್ಯ ಯಕ್ಕಾ, ಅದು ಸಾಲಿ ಭಾಷಣ! ನನಗೇನೂ ಆಗಿಲ್ಲ."

"ಹೌದಪ್ಪ, ಏನೂ ಆಗಿಲ್ಲ. ಎಲ್ಲಾರೂ ಹಂಗೇ ಅಂತಾರ," ಎಂದು ಇನ್ನೂ ಜೋರಾಗಿ ಅತ್ತಳು.

ಅವನು ಅಂಗಿ ತೊಟ್ಟು ಶಾಲೆ ತಲುಪುವುದರೊಳಗೆ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಗಣಿತದ ಸಾಬೇರಾ ಟೀಚರು ಓಡಿ ಬಂದು ಅವನ ಕೈಚೀಲ ಕಸಿದುಕೊಂಡರು.

"ಭಾರ ಎತ್ತಬ್ಯಾಡ್ರಿ ಸರ್. ಫಿಕರ್ ಮಾಡಬ್ಯಾಡ್ರಿ, ಮ್ಯಾಲ ಅಲ್ಲಾ ಅದಾನ."

"ಟೀಚರ್, ಅದರಾಗ ಇರೋದು ಬುತ್ತಿ ಡಬ್ಬಿರಿ!"

"ಆತು ಆತು. ಸಿಟ್ಟಿಗೇಳಬ್ಯಾಡ್ರಿ, ಬಿಪಿ ಏರ್ತದ."

ಪರಮಣ್ಣನವರು ಯಾವ ಮಾಸ್ತರ ಮುಂದೆಯೂ ಎದ್ದವರಲ್ಲ, ಸಾಹೇಬರು ಬಂದರೂ ಅರ್ಧಕ್ಕೇ ಎದ್ದು ಕೂತುಬಿಡುವ ಆಸಾಮಿ. ಅಂಥವರು ಪೂರ್ತಿ ಎದ್ದು ನಿಂತು ತಮ್ಮ ಕುರ್ಚಿಯನ್ನೇ ಕೊಟ್ಟದ್ದು ನೋಡಿ ಕಾಂತೇಶನಿಗೆ ಮೊದಲ ಸಲ ತನ್ನ ಮೈಯ ಮೇಲೇ ಅನುಮಾನ ಬಂತು. ಅಷ್ಟರಲ್ಲಿ ಮರಿಲಿಂಗಪ್ಪನ ಫೋನು ಬಂತು.

"ನಮ್ಮ ದೇವಕಿ ಎಲ್ಲಾ ಹೇಳ್ಯಾಳ್ರಿ. ಐತವಾರದ ನಿಶ್ಚಿತಾರ್ಥ ಜರಾ ನಿಲ್ಲಿಸೋಣು. ಡಾಕ್ಟರು ಏನಂತಾರ ಕೇಳಿ ತಿಳಸ್ರಿ."

"ಮಾಮಾ, ಅದು ಭಾಷಣರೀ..."

"ಡಾಕ್ಟರು ಏನಂತಾರ ಕೇಳ್ರಿ," ಎಂದು ಮರಿಲಿಂಗಪ್ಪ ಫೋನು ಇಟ್ಟರು.

ಕಾಂತೇಶನ ಕೈ ತಾನಾಗಿಯೇ ಕೊರಳಿಗೆ ಹೋಯಿತು. ದವಡೆಯ ಕೆಳಗೆ ಏನೋ ಗುಂಡಗೆ ಸಿಕ್ಕಿತು! ನಿನ್ನೆ ಇತ್ತೇ? ನೆನಪಾಗಲಿಲ್ಲ. ಆ ಕಡೆ ಒತ್ತಿದ, ಈ ಕಡೆ ಒತ್ತಿದ. ಜೋಳದ ಹಿಟ್ಟು ನಾದಿದಂತೆ ನಾದಿದ. ಪ್ರಾರ್ಥನೆ ಮುಗಿಯುವುದರೊಳಗೆ ಅಲ್ಲಿ ನೋವೂ ಶುರುವಾಯಿತು. ಓದಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂದು ಮೈ ಬೆವರಿತು.

ಭಾಷಣಕ್ಕೆ ಓಣಿಯ ಹೆಂಗಸರೂ ಬಂದಿದ್ದರು. ದೇವಕಮ್ಮ ಎಲ್ಲರಿಗಿಂತ ಮುಂದೆ ಕೂತಿದ್ದಳು. "ಈ ಕೆಟ್ಟ ಕೋಶಗಳು ಅಕ್ಕಪಕ್ಕದ ಒಳ್ಳೇ ಕೋಶಗಳನ್ನೂ ಮರುಳು ಮಾಡಿ ತಮ್ಮ ಕೆಲಸಕ್ಕೆ ಹಚ್ಚಿಕೊಳ್ತಾವ," ಎಂದು ಕಾಂತೇಶ ನಡುಗುವ ದನಿಯಲ್ಲಿ ಹೇಳಿದಾಗ ಒಂಬತ್ತನೇ ಕ್ಲಾಸಿನ ಹುಡುಗಿಯರು ಬಿಕ್ಕತೊಡಗಿದರು. "ಸ್ವಂತ ಅನುಭವ, ನೋಡ್ರಿ," ಎಂದು ಪರಮಣ್ಣನವರು ಪಕ್ಕದವರ ಕಿವಿಯಲ್ಲಿ ಹೇಳಿದ್ದು ಮೈಕಿನಲ್ಲೇ ಕೇಳಿಸಿತು.

ದೇವಕಮ್ಮ ಎದ್ದು ನಿಂತಳು. "ಗಂಟು ಸಣ್ಣದಿದ್ದಾಗ ದವಾಖಾನಿಗಿ ಹೋದ್ರ ಗುಣ ಆಗ್ತಾದೇನು ಸರ್?"

"ಸಣ್ಣದಿದ್ದಾಗ ಹೋದ್ರ ಭಾಳ ಮಂದಿ ಗುಣ ಆಗ್ತಾರ ಯಕ್ಕಾ."

"ಮತ್ತ ಯಾಕ ಕುಂತೀವಿ? ನಡಿ!"

ಪರಮಣ್ಣನವರ ಹಳೇ ಕಾರಿನಲ್ಲಿ ಕಾಂತೇಶನನ್ನು ಹಿಂದಿನ ಸೀಟಿನ ನಡುವೆ, ಗಾಜಿನ ಸಾಮಾನಿನಂತೆ ಇಟ್ಟು ಶಹಾಪುರದ ದವಾಖಾನೆಗೆ ಒಯ್ದರು. ಗುಂಡಿ ಬಂದಾಗಲೆಲ್ಲ ಸಾಬೇರಾ ಟೀಚರು ಒಂದು ಕಡೆಯಿಂದ, ದೇವಕಮ್ಮ ಇನ್ನೊಂದು ಕಡೆಯಿಂದ ಅವನನ್ನು ಹಿಡಿದುಕೊಳ್ಳುತ್ತಿದ್ದರು. ಅವನಿಗೂ ಈಗ ಬೇಡವೆನ್ನುವ ಧೈರ್ಯವಿರಲಿಲ್ಲ. ಕೈ ಮಾತ್ರ ಕೊರಳು ಬಿಟ್ಟಿರಲಿಲ್ಲ.

ಡಾಕ್ಟರಮ್ಮ ಪವಿತ್ರಾ ಅವನ ಕೊರಳು, ಹೊಟ್ಟೆ, ಎದೆ ಎಲ್ಲ ನೋಡಿದರು.

"ಈ ಗಂಟು ಎಲ್ಲಾರ ಕೊರಳಾಗೂ ಇರ್ತಾದ್ರಿ. ನೀವು ಒತ್ತಿ ಒತ್ತಿ ಬಾವು ಬರಿಸೀರಿ. ಕೈ ತೆಗೀರಿ, ಅದೇ ಇಳೀತಾದ. ನಿಮಗೇನೂ ಆಗಿಲ್ಲ."

ಕಾಂತೇಶನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಹೆಡ್‌ಮಾಸ್ತರು, ಟೀಚರು ಹೊರಗೆ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತಿದ್ದರು. ಬಾಗಿಲಲ್ಲಿದ್ದ ದೇವಕಮ್ಮ ಮಾತ್ರ, "ಹೆಂಗೂ ಬಂದೀನಿ, ನಂದೂ ಮಣಕಾಲು ತೋರಿಸ್ತೀನಿ," ಎಂದು ಒಳಗೆ ಹೋದಳು. ಕಾಂತೇಶ ಮರಿಲಿಂಗಪ್ಪನಿಗೆ ಫೋನು ಹಚ್ಚಿದ. ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಾಗಿಲಿಗೆ ಬಂದರು. "ಇವ್ರ ಕಡಿಯವ್ರು ನೀವೇ ಏನ್ರಿ? ಒಳಗ ಬರ್ರಿ."

ಮೊಣಕಾಲಿನ ಮಾತು ಸುಳ್ಳಾಗಿತ್ತು.

"ಇವ್ರ ಎದಿಯಾಗ ಸಣ್ಣ ಗಂಟು ಅದ. ಏನಂತ ಈಗೇ ಹೇಳಲಾಕ ಬರಲ್ಲ. ಕಲಬುರಗಿಗಿ ಕರಕೊಂಡು ಹೋಗಿ ಪರೀಕ್ಷೆ ಮಾಡಿಸ್ರಿ, ತಡ ಮಾಡಬ್ಯಾಡ್ರಿ. ಅಕಸ್ಮಾತ್ ಅದೇ ಆಗಿದ್ರೂ ಲಗೂ ಬಂದಾರ, ಗುಣ ಆಗ್ಲಾಕ ದಾರಿ ಅದ."

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಓಣಿಯೆಲ್ಲ ಕೇಳುವಂತೆ ಮಾತಾಡುವ ದೇವಕಮ್ಮನ ದನಿ ಈಗ ಪಕ್ಕದಲ್ಲಿದ್ದವನಿಗೂ ಸರಿಯಾಗಿ ಕೇಳುತ್ತಿರಲಿಲ್ಲ.

"ದೀಪಾವಳಿಯಿಂದ ಅದ ತಮ್ಮಾ."

"ಯಾಕ ಹೇಳಲಿಲ್ಲ ಯಕ್ಕಾ?"

"ಅಂಜಿಕಿ. ಮುಂಜಾನಿ ನಿನ್ನ ಮಾತು ಕೇಳಿ ಅತ್ತದ್ದು ಖರೆ. ಆದ್ರ ಒಳಗ ಜರಾ ಧೈರ್ಯನೂ ಬಂತು. ಹೋಗ್ಲಿ, ಜೋಡಿಗೊಬ್ಬ ಸಿಕ್ಕ, ಇಬ್ರೂ ಕೂಡಿ ಗುಣ ಆಗಾಣಂತ." ಅವಳು ಅವನ ಕಡೆ ತಿರುಗಿದಳು. "ಈಗ ನೋಡಿದ್ರ ನಿನಗೇನೂ ಇಲ್ಲ!"

ಊಟಕ್ಕೆ ಕರೆದು ತಾನೊಬ್ಬನೇ ಉಂಡು ಎದ್ದವನನ್ನು ಬೈದಂತಿತ್ತು. "ತಪ್ಪಾತು ಯಕ್ಕಾ," ಎಂದುಬಿಟ್ಟ ಕಾಂತೇಶ.

"ಇವತ್ತು ಮಂದಿ ನಿನಗ ಹೆಂಗ ಮಾಡಿದ್ರು ನೋಡಿಯಲ್ಲ? ನನಗ ಹಂಗ ಮಾಡಬಾರದು. ಜೀವ ಇದ್ದಾಗೇ ಅತ್ತು ಮುಗಸ್ತಾರ."

"ಅಳಾಕ ಹಚ್ಚಿದಾಕಿ ನೀನೇ ಅಲ್ಲೇನು!"

"ಅದಕ್ಕೇ ಹೇಳ್ಲಾಕತ್ತೀನಿ. ನನಗ ಗೊತ್ತದ." ಅವಳು ಅವನ ಕೈ ಹಿಡಿದಳು. "ರೋಗ ನಿಂದೇ ಇರ್ಲಿ ತಮ್ಮಾ. ನಿನ್ನ ಜೋಡಿ ಕಲಬುರಗಿಗಿ ನಾ ಬರ್ತೀನಿ ಅಂತ ಮಂದಿಗಿ ಹೇಳ್ತೀನಿ. ನಮ್ಮಣ್ಣಗಂತೂ ಬಾಯಿ ಬಿಡಬ್ಯಾಡ, ಅವ ಬಸ್‌ಸ್ಟ್ಯಾಂಡಿನಾಗ ನಿಂತು ಒದರ್ತಾನ."

"ಮತ್ತ ನನ್ನ ಲಗ್ನ?"

"ಅದು ನನ್ನ ಜಿಮ್ಮಾ, ನಾ ನೋಡ್ಕೋತೀನಿ. ನಾ ಗುಣ ಆದ ಮ್ಯಾಲ..." ಎಂದವಳು ತಕ್ಷಣ ತಿದ್ದಿಕೊಂಡಳು. "ಅಂದ್ರ, ನೀ ಗುಣ ಆದ ಮ್ಯಾಲ."

ಫೋನು ಹೊಡೆದುಕೊಂಡಿತು. ಮರಿಲಿಂಗಪ್ಪ.

"ಏನಂದ್ರು ಡಾಕ್ಟರು?"

ಕಾಂತೇಶ ಬಾಯಿ ತೆರೆದ. ದೇವಕಮ್ಮ ಅವನ ಕೈ ಇನ್ನೂ ಬಿಟ್ಟಿರಲಿಲ್ಲ. ದಾನೇಶ್ವರಿಯ ಮುಖ ಒಮ್ಮೆ ಕಣ್ಣೆದುರು ಬಂದು ಹೋಯಿತು.

"ಕಲಬುರಗಿಗಿ ಹೋಗಬೇಕಂತ ಮಾಮಾ," ಎಂದ.

ಆ ಕಡೆ ಮರಿಲಿಂಗಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಆರಾಮ ಆಗ್ರಿ ಸರ್. ಆದ್ರ ಸದ್ಯಕ್ಕ ಮಾಮಾ ಅನ್ನಬ್ಯಾಡ್ರಿ."