ಬಾಟಲಿ ನೀರು ಮತ್ತು ಬೀಗರು

ಹೋಟೆಲಿಗೆ ಹೋದಾಗ ಒಬ್ಬೊಬ್ಬರಿಗೆ ಒಂದೊಂದು ಭಯ. ಕೆಲವರಿಗೆ ಬಿಲ್ಲಿನ ಭಯ, ಕೆಲವರಿಗೆ ಮುಳ್ಳುಚಮಚದ ಭಯ. ನನಗಿದ್ದದ್ದು ನೀರಿನ ಭಯ. ಕುರ್ಚಿಯಲ್ಲಿ ಇನ್ನೂ ಸರಿಯಾಗಿ ಕೂತಿರುವುದಿಲ್ಲ, ಟೈ ಕಟ್ಟಿದವನೊಬ್ಬ ಬಂದು ಬಗ್ಗಿ, "ನೀರು ಯಾವುದು ಸರ್, ರೆಗ್ಯುಲರ್ರಾ, ಬಾಟಲ್ಲಾ?" ಎನ್ನುತ್ತಾನಲ್ಲ, ಆ ಪ್ರಶ್ನೆಯ ಭಯ. ರೆಗ್ಯುಲರ್ ಎಂದರೆ ಅವನ ಮುಖದ ಕಳೆ ಇಳಿಯುತ್ತದೆ. ಬಾಟಲ್ ಎಂದರೆ ನನ್ನ ಮುಖದ ಕಳೆ ಇಳಿಯುತ್ತದೆ. ಇಷ್ಟು ವರ್ಷ ವಿಮಾ ಕಚೇರಿಯಲ್ಲಿ ಕೂತು ಊರಿನವರಿಗೆಲ್ಲ ಸಾವಿನ ಮಾತನ್ನು ನಗುನಗುತ್ತಲೇ ಆಡಿದ ನಾನು, ಈ ಒಂದು ಪ್ರಶ್ನೆಗೆ ತೊದಲುತ್ತಿದ್ದೆ.

ಮೊದಲೆಲ್ಲ ಈ ಪ್ರಶ್ನೆಯೇ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ರಸೆಲ್ ಮಾರುಕಟ್ಟೆಗೆ ತರಕಾರಿಗೆ ಹೋದರೆ, ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದು ಬರುವುದು ನಮ್ಮ ವಾಡಿಕೆ. ಅಲ್ಲಿನ ಸರ್ವರ್ ಒಂದೇ ಕೈಯಲ್ಲಿ ನಾಲ್ಕು ಲೋಟ ಹಿಡಿದು, ಲೋಟಕ್ಕೊಂದು ಬೆರಳು ಅದ್ದಿಕೊಂಡು ತಂದು ಮೇಜಿನ ಮೇಲೆ ಕುಕ್ಕುತ್ತಿದ್ದ. ಅದು ಯಾವ ನೀರು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕುಡಿದು, ಬಾಯಿ ಒರೆಸಿಕೊಂಡು, ಬದುಕಿಯೂ ಇದ್ದೆವು. ನನ್ನ ಹೆಂಡತಿ ಶಾರದೆ ಮಾತ್ರ ಆಗಲೂ ಆ ಲೋಟ ಮುಟ್ಟುತ್ತಿರಲಿಲ್ಲ. ಜೀರಿಗೆ ಹಾಕಿ ಕುದಿಸಿದ ನೀರನ್ನು ಸ್ಟೀಲ್ ಬಾಟಲಿಗೆ ತುಂಬಿ ಬ್ಯಾಗಿನಲ್ಲಿ ಇಟ್ಟುಕೊಳ್ಳದೆ ಅವಳು ಹೊಸಿಲು ದಾಟಿದವಳಲ್ಲ. ಸಿನಿಮಾಕ್ಕೂ ಅದೇ, ಮದುವೆಗೂ ಅದೇ. ನಾಲ್ಕು ಜನರ ನಡುವೆ ಆ ಬಾಟಲಿ ಹೊರಬಂದಾಗಲೆಲ್ಲ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ.

ಹೀಗಿರುವಾಗ ನಮ್ಮ ಒಬ್ಬಳೇ ಮಗಳು ವಿನುತಾ, ತನ್ನ ಬ್ಯಾಂಕಿನಲ್ಲೇ ಕೆಲಸ ಮಾಡುವ ಕುಲಕರ್ಣಿಯವರ ಮಗನನ್ನು ಮೆಚ್ಚಿಕೊಂಡಳು. ಹುಡುಗನ ತಂದೆತಾಯಿ ಧಾರವಾಡದ ಕಡೆಯವರು, ಈಗ ಬಾಣಸವಾಡಿಯಲ್ಲಿದ್ದಾರೆ. ನಾವು ಇಂದಿರಾನಗರದ ಸ್ಟಾಫ್ ಕಾಲೊನಿಯವರು. ಅವರ ಮನೆಯೂ ಬೇಡ, ನಮ್ಮ ಮನೆಯೂ ಬೇಡ, ಮೊದಲು ಹೊರಗೆಲ್ಲಾದರೂ ಊಟಕ್ಕೆ ಕೂತು ಮಾತಾಡಿ ಎಂದು ಮಕ್ಕಳೇ ತೀರ್ಮಾನಿಸಿ, ನಮ್ಮ ಮನೆಯ ಹತ್ತಿರದ ಒಂದು ದೊಡ್ಡ ಹೋಟೆಲನ್ನು ಗೊತ್ತುಮಾಡಿದರು. "ಅಪ್ಪಾ, ಅವರ ತಂದೆ ಸ್ವಲ್ಪ ಗತ್ತಿನ ಮನುಷ್ಯ. ಒಪ್ಪಿದ್ರೆ ಒಪ್ಪಿದ್ರು, ಇಲ್ಲಾಂದ್ರೆ ಇಲ್ಲ. ದಯವಿಟ್ಟು ಏನೂ ಎಡವಟ್ಟು ಮಾಡ್ಬೇಡ" ಎಂದಳು ವಿನುತಾ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ.

ಗತ್ತಿನ ಮನುಷ್ಯನ ಎದುರು ರೆಗ್ಯುಲರ್ ಎಂದು ಬಾಯಿ ಬಿಟ್ಟರೆ ಮಗಳ ಮದುವೆ ಕೆಟ್ಟಿತು ಎಂದೇ ನಾನು ನಂಬಿದೆ. ಅದಕ್ಕೇ ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಮೆನು ನೋಡುತ್ತಿರಬೇಕು, ಕಣ್ಣೆತ್ತಬಾರದು, ಹುಟ್ಟಿದಾಗಿನಿಂದ ಬೇರೆ ನೀರೇ ಕುಡಿದಿಲ್ಲವೇನೋ ಎನ್ನುವಂತೆ ಒಂದೇ ಮಾತು: "ಬಾಟಲ್." ಮೆನುವಿನ ಬದಲು ಪಂಚಾಂಗ ಹಿಡಿದುಕೊಂಡಿದ್ದೆ. ಒಂದು ದಿನ ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ತೋರುತ್ತದೆ, ಅಡುಗೆಮನೆಯಿಂದ ಶಾರದೆ, "ಯಾವ ಬಾಟಲ್ ರೀ? ಫಿನಾಯಿಲ್‌ದಾ?" ಎಂದಳು. ಅವಳಿಗೆ ಕಟ್ಟಪ್ಪಣೆಯನ್ನೂ ಮಾಡಿದೆ: ಆ ಸ್ಟೀಲ್ ಬಾಟಲಿ ಮಾತ್ರ ಅಲ್ಲಿಗೆ ಬರಕೂಡದು. ಅವಳು ಸುಮ್ಮನೆ "ಹೂಂ" ಎಂದಳು. ಅಷ್ಟು ಬೇಗ ಹೂಂ ಎಂದಾಗಲೇ ನಾನು ಅನುಮಾನ ಪಡಬೇಕಿತ್ತು.

ಭಾನುವಾರ ಮಧ್ಯಾಹ್ನ ಆರು ಜನ ಮೇಜಿನ ಸುತ್ತ ಕೂತೆವು. ಕುಲಕರ್ಣಿಯವರು ಸಫಾರಿ ಸೂಟು, ಕಡಿಮೆ ಮಾತು. ಟೈ ಕಟ್ಟಿದವನು ಬರುವುದು ಓರೆಗಣ್ಣಿಗೆ ಕಂಡಿತು. ನಾನು ಮೆನುವಿನಲ್ಲಿ ಮುಖ ಹುದುಗಿಸಿ ಕಾದೆ. ಅವನು ಪ್ರಶ್ನೆಯನ್ನೇ ಕೇಳಲಿಲ್ಲ! ನೇರವಾಗಿ ಒಂದು ಗಾಜಿನ ಜಗ್ ತಂದಿಟ್ಟ. ಒಳಗೆ ಎರಡು ನಿಂಬೆ ಬಿಲ್ಲೆ, ನಾಲ್ಕು ಪುದೀನ ಎಲೆ. ಒಂದು ವಾರದ ತಾಲೀಮು ನೀರುಪಾಲಾಗುವುದನ್ನು ತಡೆಯಲಾರದೆ, ಕೇಳದಿದ್ದರೂ "ಬಾಟಲ್" ಎಂದುಬಿಟ್ಟೆ.

"ಬಾಟಲ್ ವಾಟರ್ ಈಗ ಕೊಡಲ್ಲ ಸರ್" ಎಂದ. "ದಿನಾ ಅಷ್ಟೊಂದು ಪ್ಲಾಸ್ಟಿಕ್ ಕಸ ಆಗ್ತಿತ್ತು, ಪರಿಸರಕ್ಕೆ ತೊಂದ್ರೆ ಅಂತ ಓನರ್ ಪೂರ್ತಿ ನಿಲ್ಲಿಸ್ಬಿಟ್ರು. ಒಳಗೇ ಫಿಲ್ಟರ್ ಮಾಡಿ ಜಗ್ಗಲ್ಲಿ ಕೊಡ್ತೀವಿ."

ಕುಲಕರ್ಣಿಯವರು ಜಗ್ಗನ್ನು ಬೆಳಕಿಗೆ ಹಿಡಿದು ನೋಡಿದರು. "ಅಲ್ರೀ, ಇಷ್ಟ ದೊಡ್ಡ ಹೋಟೆಲ್‌ನಾಗ ಬಾಟ್ಲಿ ನೀರ ಇಲ್ಲಂದ್ರ ಹೆಂಗ್ರಿ? ಇದು ನಳದ ನೀರು. ನನಗ ಗಂಟಲಾ ಹಿಡೀತದ. ಮ್ಯಾಲೆ ಏನೋ ತೇಲಲಿಕ್ಕತ್ತದ ಬ್ಯಾರೆ" ಎಂದು ದೂರ ಸರಿಸಿದರು. ಗೌರವಕ್ಕೆಂದು ನಾನೂ ನನ್ನ ಲೋಟ ದೂರ ಸರಿಸಿದೆ. ಹುಡುಗನೂ ವಿನುತಾಳೂ ಮುಖ ಮುಖ ನೋಡಿಕೊಂಡರು.

ಅಷ್ಟರಲ್ಲಿ ಕೆಂಪು ಬಣ್ಣದ ಗೋಬಿ ಬಂತು. ಕುಲಕರ್ಣಿಯವರು ಒಂದು ತುಂಡು ಬಾಯಿಗಿಟ್ಟರು, ಬಿಕ್ಕಳಿಕೆ ಶುರುವಾಯಿತು. ಸಣ್ಣಪುಟ್ಟ ಬಿಕ್ಕಳಿಕೆಯಲ್ಲ, ಪಕ್ಕದ ಮೇಜಿನ ಮಗು ಎಣಿಸತೊಡಗಿತು. ಮಗ ಜಗ್ಗಿನ ನೀರು ಬಗ್ಗಿಸಿ ಮುಂದೆ ಹಿಡಿದರೆ, ಅವರು ಕಣ್ಣೀರು ಸುರಿಸುತ್ತಲೇ ಬೇಡವೆಂದು ಕೈಯಾಡಿಸಿದರು. ವಿನುತಾಳ ಮುಖ ಬಿಳಿಚಿಕೊಂಡಿತ್ತು. ಹೋಟೆಲನ್ನು ಆರಿಸಿದವರಲ್ಲಿ ಅವಳೂ ಒಬ್ಬಳು, ಗೋಬಿ ಹೇಳಿದವನು ನಾನು. ನನಗೆ ಜಗತ್ತಿನ ಪರಿಸರದ ಮೇಲೆಯೇ ಸಿಟ್ಟು ಬಂತು.

ಆಗ ಮೇಜಿನ ಕೆಳಗೆ ಎರಡು ಕಡೆಯಿಂದ ಏಕಕಾಲಕ್ಕೆ ಜಿಪ್ ಎಳೆದ ಸದ್ದು ಕೇಳಿಸಿತು. ಶಾರದೆಯ ಕೈಯಲ್ಲಿ ಸ್ಟೀಲ್ ಬಾಟಲಿ. ಎದುರಿಗೆ ಕುಲಕರ್ಣಿಯವರ ಹೆಂಡತಿಯ ಕೈಯಲ್ಲೂ ಸ್ಟೀಲ್ ಬಾಟಲಿ. ಒಬ್ಬರ ಬಾಟಲಿಯನ್ನು ಒಬ್ಬರು ನೋಡಿಕೊಂಡರು. ಆಮೇಲೆ ಆಕೆ, "ತರಬ್ಯಾಡ ಅಂತ ಬಡಕೊಂಡ್ರು ನೋಡ್ರಿ. ದೊಡ್ಡ ಹೋಟೆಲು, ಮಾನಾ ಹೋಗ್ತದ ಅಂತ" ಎಂದರು.

"ನಮ್ಮವರೂ ಅದನ್ನೇ ಅಂದಿದ್ದು ಕಣ್ರೀ" ಎಂದಳು ಶಾರದೆ.

"ನೀವೂ ಜೀರಿಗಿ ಹಾಕ್ತೀರೇನ್ರಿ?"

"ಹಾಕ್ಲೇಬೇಕು. ಇವರಿಗೆ ಗ್ಯಾಸು."

ಆಕೆ ಖುಷಿಯಿಂದ, "ಇವರಿಗೂ!" ಎಂದರು.

ಗತ್ತಿನ ಮನುಷ್ಯ ಗಟಗಟನೆ ನೀರು ಕುಡಿದು ನನ್ನನ್ನು ನೋಡಿದರು. ಇಬ್ಬರ ಹೊಟ್ಟೆಯ ವಿಷಯವೂ ಬಯಲಾದ ಮೇಲೆ ಬಿಗುಮಾನಕ್ಕೆ ಜಾಗವೆಲ್ಲಿ? ಮೊದಲು ಅವರು ನಕ್ಕರು, ಆಮೇಲೆ ನಾನು ನಕ್ಕೆ. ಊಟ ಮುಗಿಯುವ ಹೊತ್ತಿಗೆ ಹೆಂಗಸರಿಬ್ಬರೂ ಮದುವೆಯ ತಿಂಗಳನ್ನೂ ಮಾತಾಡಿಕೊಂಡಿದ್ದರು. ಹೋಟೆಲಿನ ಮ್ಯಾನೇಜರ್ ಸ್ಟೀಲ್ ಬಾಟಲಿಗಳನ್ನು ಕಂಡು ಓಡಿ ಬಂದು, "ನಿಮ್ಮಂಥ ಕಸ್ಟಮರ್ಸ್ ಬೇಕು ಸರ್!" ಎಂದ. "ನಮ್ಮ ಮನೆಯಲ್ಲಿ ಮೊದಲಿಂದಲೂ ಹೀಗೇ" ಎಂದೆ. ಶಾರದೆ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಅಂದಿನಿಂದ ನಾನು ಪರಿಸರಪ್ರೇಮಿಯಾದೆ. ಸ್ಟೀಲ್ ಬಾಟಲಿಯನ್ನು ಹೆಗಲಿಗೆ ಹಾಕಿಕೊಂಡು ವಾಕಿಂಗ್ ಹೋದೆ, ಕಾಲೊನಿಯ ಬೆಂಚಿನಲ್ಲಿ ಸಿಕ್ಕವರಿಗೆಲ್ಲ ಪ್ಲಾಸ್ಟಿಕ್ಕಿನ ಕೇಡನ್ನು ವಿವರಿಸಿದೆ. ಅಷ್ಟರಲ್ಲಿ ಹಲಸೂರಿನಲ್ಲಿ ಛತ್ರ ಗೊತ್ತಾಗಿ, ಅಡುಗೆ ಕಂಟ್ರಾಕ್ಟರ್ ಮನೆಗೆ ಬಂದ. ಅವನ ಮೆನು ಕಾರ್ಡನ್ನು ನಾನು ಓದುತ್ತಿರುವಾಗ, "ನೀರು ಹೇಗೆ ಸರ್? ಲೋಟಕ್ಕೆ ಹಾಕಿಸ್ಲಾ, ಎಲೆಗೊಂದು ಬಾಟಲ್ ಇಡಿಸ್ಲಾ?" ಎಂದ. ಶಾರದೆ ಬಾಯಿ ತೆರೆಯುವಷ್ಟರಲ್ಲಿ, ನಾನು ಕಣ್ಣೆತ್ತದೆ, "ಬಾಟಲ್" ಎಂದೆ. ಅಷ್ಟು ಸೊಗಸಾಗಿ ಅದು ಕನ್ನಡಿಯ ಮುಂದೆಯೂ ಬಂದಿರಲಿಲ್ಲ.

ಮದುವೆಯ ದಿನ ಒಂದೊಂದು ಪಂಕ್ತಿ ಎದ್ದಾಗಲೂ, ಎರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳು ಎಂಜಲೆಲೆಗಳ ಮೇಲೆ ಸಾಲಾಗಿ ಬಿದ್ದಿದ್ದವು. ಬೆಂಚಿನ ಗೆಳೆಯರು ಅವನ್ನು ನೋಡಿದರು, ನನ್ನನ್ನು ನೋಡಿದರು, "ಪಾಯಸ ಚೆನ್ನಾಗಿತ್ತು" ಎಂದರು. ಕೊನೆಯ ಪಂಕ್ತಿಯಲ್ಲಿ ನಾವೂ ಬೀಗರೂ ಕೂತೆವು. ಕಂಟ್ರಾಕ್ಟರ್ ಬಂದು ಕಿವಿಯಲ್ಲಿ, "ಬಾಟಲ್ ಖಾಲಿ ಸರ್. ರೆಗ್ಯುಲರ್ ಇದೆ, ಹಾಕಿಸ್ಲಾ?" ಎಂದ. ನನಗೆ ಹಳೆಯ ತೊದಲು ಬಂತು. ಎದುರಿನ ಸಾಲಿನಲ್ಲಿ ಬೀಗಿತ್ತಿ ಆಗಲೇ ಜಿಪ್ ಎಳೆದು ಗಂಡನ ಲೋಟಕ್ಕೆ ಬಗ್ಗಿಸುತ್ತಿದ್ದರು. ಶಾರದೆ ತನ್ನ ಬಾಟಲಿಯ ಮುಚ್ಚಳ ತೆಗೆದು ನನ್ನ ಎಲೆಯ ಪಕ್ಕದಲ್ಲಿಟ್ಟಳು.

"ಕುಡೀರಿ" ಎಂದಳು.

ನಾನು ಕಣ್ಣೆತ್ತದೆ ಕುಡಿದೆ.