ಹುಣ್ಣಿಮೆಯ ಹಾಜರಿ

ಬೆಳಿಗ್ಗೆ ಆರು ಗಂಟೆಗೆ ರೇಣುಕಯ್ಯ ಮೇಷ್ಟ್ರಿಗೆ ಆ ಫೋನು ಬರದೇ ಹೋಗಿದ್ದರೆ, ಭಿಕ್ಷು ಸುಮೇಧ ಮುಂದಿನ ವಾರದ ಹೊತ್ತಿಗೆ ಶ್ರೀಲಂಕಾದ ತನ್ನೂರಿನಲ್ಲಿ, ಕಡಲಿಗೆ ಮುಖ ಮಾಡಿದ ವಿಹಾರದ ಜಗಲಿಯ ಮೇಲೆ ಕೂತಿರುತ್ತಿದ್ದ.

ಧಮ್ಮ ಸಾರಲೆಂದು ಅವನನ್ನು ಐ.ಡಿ.ಹಳ್ಳಿ ಪಕ್ಕದ ಈ ಊರಿಗೆ ಕಳಿಸಿ ಏಳು ತಿಂಗಳಾಗಿತ್ತು. ಬೌದ್ಧರ ಮನೆಗಳು ಒಂಬತ್ತು; ಊರವರಿಗೆಲ್ಲ ಅವನು 'ಬಂತೇಜಿ'. ಊರಂಚಿನಲ್ಲಿ ಒಂದು ತಗಡಿನ ಮಂದಿರ. ಗಾಳಿ ಎದ್ದರೆ ಅದು ಖಾಲಿ ಡಬ್ಬದ ಹಾಗೆ ಬಡಿದುಕೊಳ್ಳುತ್ತಿತ್ತು. ಖಾಲಿಯೇ ಇರುತ್ತಿತ್ತು ಕೂಡ. ಹಗಲು ಎಲ್ಲರೂ ಹೊಲದಲ್ಲಿ, ಸಂಜೆ ಎಲ್ಲರಿಗೂ ಸುಸ್ತು. ಸುಮೇಧ ಒಬ್ಬನೇ ಬುದ್ಧನೆದುರು ಕೂತು ಕಣ್ಣು ಮುಚ್ಚುತ್ತಿದ್ದ. ಧ್ಯಾನ ಬರುತ್ತಿರಲಿಲ್ಲ, ಕಡಲು ಬರುತ್ತಿತ್ತು. ಕಣ್ಣು ತೆರೆದರೆ ಬಂಡೆ, ಜಾಲಿ, ಧೂಳು.

ಹೋದ ವಾರ ಮೂಲವಿಹಾರದಿಂದ ಪತ್ರ ಬಂದಿತ್ತು. ಈ ಕಡೆ ಇರುವ ಎರಡು ಕೇಂದ್ರಗಳಲ್ಲಿ ಇನ್ನು ಒಂದೇ ಉಳಿಯುತ್ತದೆ. ಹುಣ್ಣಿಮೆ ಪ್ರಾರ್ಥನೆಗೆ ಎಲ್ಲಿ ಜನ ಕಡಿಮೆಯೋ ಅದನ್ನು ಮುಚ್ಚಬೇಕು, ಅಲ್ಲಿಯ ಭಿಕ್ಷು ಊರಿಗೆ ಮರಳಬೇಕು. ಎಣಿಸುವವರು ಧಮ್ಮರತನ ಭಂತೆ. ಇನ್ನೊಂದು ಕೇಂದ್ರ ಅವರದೇ, ಸಿದ್ದರಬೆಟ್ಟದ ತಪ್ಪಲಿನಲ್ಲಿ. ಅವರೂ ಶ್ರೀಲಂಕಾದವರೇ, ಹನ್ನೊಂದು ವರ್ಷದಿಂದ ಅಲ್ಲಿ ಬೇರುಬಿಟ್ಟ ಹಿರಿಯರು. ಪ್ರತಿ ಹುಣ್ಣಿಮೆಗೂ ಮೂವತ್ತು ಜನಕ್ಕೆ ಮೋಸವಿರಲಿಲ್ಲ. ಸುಮೇಧ ಆ ದಿನವೇ ತನ್ನ ಚೀಲ ಕಟ್ಟಿಟ್ಟಿದ್ದ.

ಹುಣ್ಣಿಮೆಯ ಬೆಳಿಗ್ಗೆ, ಮೇಷ್ಟ್ರು ಏದುಸಿರು ಬಿಡುತ್ತ ಬಂದರು. "ಏನ್ ಬಂತೇಜಿ, ಇವತ್ತು ಇನ್‌ಸ್ಪೆಕ್ಷನ್ ಅಂತೆ! ಯಾರೋ ಪುಣ್ಯಾತ್ಮ ಫೋನ್ ಮಾಡಿ ಹೇಳ್ದ. ಜನ ಇಲ್ದಿದ್ರೆ ನಿಮ್ಮುನ್ನ ಎತ್ತಂಗಡಿ ಮಾಡ್ತಾರಂತೆ? ನಮಿಗೊಂದ್ ಮಾತು ಹೇಳ್ಬಾರ್ದಾ?"

"ಬೇಡ ಮೇಷ್ಟ್ರೇ. ಮಂದಿರ ಇರುವ ಹಾಗೆಯೇ ಇರಲಿ."

"ಎಲ್ಲಾರಾ ಉಂಟಾ? ಮೂವತ್ನಾಕು ವರ್ಸ ಹೆಡ್‌ಮಾಸ್ಟ್ರಾಗಿದ್ದೋನು ನಾನು. ಇನ್‌ಸ್ಪೆಕ್ಟ್ರು ಬಂದ್ ದಿನ ಒಂದ್ ಬೆಂಚು ಖಾಲಿ ಬುಟ್ಟಿಲ್ಲ. ಪಕ್ಕದೂರಿಂದ ಮಕ್ಳನ್ನ ಕಡ ತಂದು ಕೂರಿಸ್ತಿದ್ದೆ!"

ನಾನು ಹೋಗಬೇಕು ಎಂದು ಹೇಳಿಬಿಡಬೇಕೆಂದು ಸುಮೇಧ ಬಾಯಿ ತೆರೆದ. ಅಷ್ಟರಲ್ಲಿ ಎದುರುಮನೆ ಸರಸಮ್ಮ ಅವನ ಭಿಕ್ಷಾಪಾತ್ರೆಗೆ ಬಿಸಿ ಮುದ್ದೆ ಇಳಿಸಿದಳು. "ನಿಮ್ಮುನ್ನ ಕಳಿಸಿ ನಾವ್ ಹೆಂಗಿರಾನ ಬಂತೇಜಿ? ನನ್ ಮಗಿದ್ದಂಗೆ ಇದ್ದೀರ." ಅವಳ ಕಣ್ಣು ತುಂಬಿತ್ತು. ಸುಮೇಧ ಮಾತನ್ನೂ ಮುದ್ದೆಯನ್ನೂ ಒಟ್ಟಿಗೆ ನುಂಗಿದ.

ಅವರು ಹೊರಟದ್ದೇ ತಡ, ಮಂದಿರಕ್ಕೆ ಬೀಗ ಜಡಿದು ಬೀಗದ ಕೈಯನ್ನು ಹಾಳುಬಾವಿಗೆ ಎಸೆದ. ಸುಳ್ಳು ಹೇಳಬಾರದೆಂಬ ಶೀಲವಿತ್ತು. ಬಾವಿಯ ವಿಷಯ ಎಲ್ಲೂ ಬರೆದಿರಲಿಲ್ಲ.

ಹತ್ತು ಗಂಟೆಗೆ ಮೇಷ್ಟ್ರು ಅರವತ್ತು ಜನರೊಂದಿಗೆ ಬಂದರು. ಕುರಿ ಬಿಟ್ಟು ಬಂದವರು, ಕಳೆ ಬಿಟ್ಟು ಬಂದವರು, ಅರ್ಧ ಗಡ್ಡ ಹೆರೆಸಿಕೊಂಡು ಎದ್ದು ಬಂದ ಒಬ್ಬ, ಅವನ ಹಿಂದೆ ಕತ್ತಿ ಹಿಡಿದ ಕ್ಷೌರಿಕ.

"ಬೀಗದ ಕೈ ಎಲ್ಲಿ?"

"ಬಾವಿಯಲ್ಲಿದೆ," ಎಂದ ಸುಮೇಧ.

"ಪಾಪ, ಟೆನ್ಸನ್‌ನಾಗೆ ಕೈಜಾರ್ಸಿಬುಟ್ಟವ್ರೆ ಕಣ್ರಲಾ," ಅಂದಳು ಸರಸಮ್ಮ. "ತೆಗೀರ್ಲಾ ಆ ತಗಡ!"

ಒಂದು ಬದಿಯ ತಗಡನ್ನೇ ಕಳಚಿದರು. ಮಂದಿರ ಅಂಗಳದವರೆಗೂ ಅಗಲವಾಗಿ, ಮೊದಲಿನ ಎರಡರಷ್ಟು ಜನ ಕೂರುವಂತಾಯಿತು. ಆಗಲೇ ಟೆಂಪೋ ಒಂದು ಬಂದು ಮತ್ತೆ ಮೂವತ್ತಾರು ಮಂದಿಯನ್ನು ಇಳಿಸಿತು.

"ಇವ್ರನ್ನೂ ಕರೆಸಿದ್ರಾ? ಬಲೇ ಬಂತೇಜಿ!" ಎಂದು ಮೇಷ್ಟ್ರು ಬೆನ್ನು ತಟ್ಟಿದರು. ಸುಮೇಧನೋ, ಇದೂ ಮೇಷ್ಟ್ರದೇ ಕೆಲಸವೆಂದುಕೊಂಡು ಕುಸಿದು ಕೂತ.

ಟೆಂಪೋದವರ ಹಿಂದೆಯೇ ಧಮ್ಮರತನ ಭಂತೆ ಬಂದರು. ಪ್ರಾರ್ಥನೆ ಶುರುವಾಯಿತು. "ಬರ್ದೇ ಇರೋರು ಸುಮ್ಕೆ ಬಾಯಾಡ್ಸಿ," ಎಂದು ಮೇಷ್ಟ್ರು ಪಿಸುಗುಟ್ಟುತ್ತ ಸಾಲುಗಳ ನಡುವೆ ಓಡಾಡಿದರು. ವಿಚಿತ್ರವೆಂದರೆ ಟೆಂಪೋದವರಿಗೆ ಪೂರ್ತಿ ಬಾಯಿಪಾಠವಿತ್ತು. ಭಂತೆ ಬೆರಳು ಚಾಚಿ ಒಬ್ಬೊಬ್ಬರನ್ನೇ ಎಣಿಸಿ ಬರೆದುಕೊಂಡರು. ತೊಂಬತ್ತಾರು.

ಸುಮೇಧ ಅವರನ್ನು ಹುಣಸೆ ಮರದಡಿಗೆ ಕರೆದು ಕಾಲಿಗೆ ಬಿದ್ದ. "ಭಂತೆ, ಇವರು ಕಡ ತಂದ ಜನ. ನನ್ನ ಮಂದಿರ ಖಾಲಿ. ಬೀಗದ ಕೈಯನ್ನು ನಾನೇ ಬಾವಿಗೆ ಎಸೆದೆ. ನನ್ನನ್ನು ಮನೆಗೆ ಕಳಿಸಿ," ಎಂದು ಸಿಂಹಳದಲ್ಲಿ ಬೇಡಿದ.

"ಗೊತ್ತು," ಎಂದರು ಭಂತೆ. "ಅರವತ್ತು ಜನ ಮೇಷ್ಟ್ರು ತಂದವರು. ಮೇಷ್ಟ್ರಿಗೆ ಫೋನ್ ಮಾಡಿದ್ದು ನಾನು."

ಸುಮೇಧ ತಲೆ ಎತ್ತಿದ. "ಮತ್ತೆ ಆ ಟೆಂಪೋ?"

"ಅವರು ನನ್ನವರು. ಈ ಹುಣ್ಣಿಮೆ ಪ್ರಾರ್ಥನೆ ಐ.ಡಿ.ಹಳ್ಳಿ ಕಡೆ ಅಂತ ಹೇಳಿ ಹತ್ತಿಸಿದೆ. ಲೆಕ್ಕದಲ್ಲಿ ಸುಳ್ಳಿಲ್ಲ. ಇಲ್ಲಿ ತೊಂಬತ್ತಾರು, ನನ್ನಲ್ಲಿ ಸೊನ್ನೆ." ಅವರು ಪುಸ್ತಕ ಮಡಚಿ, ದೂರದ ಬಂಡೆಗಳನ್ನು ನೋಡಿದರು. ದನಿ ಸಣ್ಣದಾಯಿತು. "ಹನ್ನೊಂದು ವರ್ಷ, ಸುಮೇಧ. ನಾನು ಬಂದಾಗ ನನ್ನ ತಾಯಿ ಗಟ್ಟಿಯಾಗಿದ್ದಳು. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ."

ಸುಮೇಧನಿಗೆ ಸಿಟ್ಟು ಬಂದು, ಅರ್ಧದಲ್ಲೇ ನಿಂತಿತು. ಭಂತೆ ತಮ್ಮ ಮಂದಿರದ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟರು. "ನನ್ನವರು ಇನ್ನು ನಿನ್ನಲ್ಲಿಗೇ ಬರುತ್ತಾರೆ. ಇದನ್ನು ಬಾವಿಗೆ ಎಸೆಯಬೇಡ."

ಭಂತೆ ಟೆಂಪೋ ಹತ್ತಿದಾಗ ಸುಮೇಧ ಬಿಕ್ಕುತ್ತಿದ್ದ.

"ಖುಸಿಗೆ ಅಳ್ತಾವ್ರೆ ನೋಡ್ರಪ್ಪ," ಎಂದು ಸರಸಮ್ಮ ಸೆರಗಿನಿಂದ ತನ್ನ ಕಣ್ಣೊರೆಸಿಕೊಂಡಳು. "ಬಿಸ್ಲು ನೆತ್ತಿಗ್ ಬರೋದ್ರೊಳ್ಗೆ ಉಂಡ್ಬುಡಿ ಬಂತೇಜಿ, ಆಮ್ಯಾಕೆ ನೀವ್ ಉಣ್ಣಂಗಿಲ್ಲ. ಇನ್ನೊಂದು ಮುದ್ದೆ ಇಕ್ತೀನಿ."

ಹಿಂದಿನಿಂದ ಮೇಷ್ಟ್ರು ಕೂಗಿದರು: "ನಾಕೇ ಜನ ಕಮ್ಮಿಯಾದ್ರು ಬಂತೇಜಿ! ಬರೋ ಹುಣ್ಣಿಮೆಗೆ ನೂರು ಮಾಡಾನ!"